ತೊರಗಲ್ ಕೋಟೆಯ ನಕಲಿ ದೆವ್ವ

ತೊರಗಲ್ ದುರ್ಗಾಧೀಶ್ವರ, ಮಲಪ್ರಭಾ ತೀರದ ಏಕೈಕ ಚಕ್ರವರ್ತಿ, ಒಂದೇ ಬೈಠಕ್ಕಿನಲ್ಲಿ ಹನ್ನೆರಡು ಮಿರ್ಚಿ ಭಜಿ ಸಂಹರಿಸಿದ ಶ್ರೀಮನ್ಮಹಾರಾಜ ವಿರೂಪಾಕ್ಷನ ಸನ್ನಿಧಾನಕ್ಕೆ, ನೀನು ಮಾತು ಬಿಟ್ಟಿರುವ ಗೆಳೆಯ ಅಭಯನ ದೀರ್ಘದಂಡ ನಮಸ್ಕಾರ.

ಇವತ್ತು ರಾಮದುರ್ಗದ ಬಸ್ ನಿಲ್ದಾಣದಲ್ಲಿ ನಿಮ್ಮವ್ವನನ್ನು ಕಂಡು ನಾನು ಕಂಬದ ಹಿಂದೆ ಅಡಗಿದೆ.

"ಏ ಅಭಯ, ಹೊಟ್ಟಿ ಹೊರಗ ಕಾಣಾಕತ್ತೈತಿ, ಬಾರೋ ಇಲ್ಲಿ," ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

ಸ್ಕ್ಯಾನ್ ಮಾಡಿದಾಗ ನಿನ್ನ ಮಿದುಳಿನಲ್ಲೊಂದು ನೀರಿನ ಗುಳ್ಳೆ ಕಂಡಿತಂತೆ.

"ಇಲ್ಲದ ದನಿ ಕೇಳಾಕ ಅದು ಕಾರಣ ಇರಬಹುದು, ಇರಲಿಕ್ಕೂ ಇಲ್ಲ ಅಂದ್ರು ಡಾಕ್ಟರು. ಗುಳಿಗಿ ಸುರು ಆದ ಮ್ಯಾಲ ದನಿ ಕಡಿಮಿ ಆಗ್ಯಾವ. ನಿನ್ನಿ ಪಲ್ಯಾಕ ಉಪ್ಪಿಲ್ಲಂತ ನನ್ನ ಬೈದಾ ನೋಡು!" ಬೈಸಿಕೊಂಡದ್ದನ್ನು ನಿಮ್ಮವ್ವ ಬಹುಮಾನ ಬಂದಂತೆ ಹೇಳಿದರು. "ಅಭಯ ಹೊಸಾ ಕಿತಾಪತಿ ಏನರ ಮಾಡ್ಯಾನೇನು ಅಂತ ಕೇಳ್ತಾನ. ಮನಿಗೆ ಬಾರೋ."

ಹೋದ ವರ್ಷ ಕೋಟೆಯ ಗೋಡೆಯೊಳಗಿಂದ ಯಾರೋ ನಿನ್ನ ಹೆಸರು ಹಿಡಿದು ಕರೆಯುತ್ತಾರೆಂದು ನೀನು ಬೆವರುತ್ತ ಓಡಿಬಂದಾಗ, ಊರೆಲ್ಲ "ಇದು ಆ ಅಭಯಂದ ಕಿತಾಪತಿ" ಎಂದು ನಕ್ಕಿತು. ನಾನೂ ತಲೆಬಾಗಿ ಚಪ್ಪಾಳೆ ಸ್ವೀಕರಿಸಿದೆ. ಆಮೇಲೆ ಎಂಟು ತಿಂಗಳು ನಿನ್ನನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯಲಿಲ್ಲ.

ಭಾನುವಾರ ಮಿರ್ಚಿ ಕಟ್ಟಿಸಿಕೊಂಡು ಬರುತ್ತೇನೆ, ಮಹಾಪ್ರಭು. ಬೈದರೂ ಸರಿ, ಬಾಯಿ ಬಿಡು.

ಈ ಪತ್ರವನ್ನು ಮಾತ್ರ ಕೊಡುವುದಿಲ್ಲ. ನೀನು ಕೋಟೆಯಿಂದ ಓಡಿಬಂದ ಆ ದಿನ ನಾನು ಸವದತ್ತಿಯಲ್ಲಿ ಅತ್ತೆಯ ಮನೆಯಲ್ಲಿದ್ದೆ. ನಿನ್ನನ್ನು ಕರೆದವನು ನಾನಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.