ಕಾಫಿ ಹೊಟ್ಟಿನಿಂದ ಹುಟ್ಟಿದ ಎಂಬತ್ತು ವರ್ಷದ ಬೀಟೆ ಮರ

ಅರಣ್ಯ ತನಿಖಾ ಠಾಣೆಯ ಮೇಲಧಿಕಾರಿಗಳಿಗೆ,

ಮಾನ್ಯರೇ, ನೀವು ಜಪ್ತಿ ಮಾಡಿ, ಠಾಣೆಯ ಹಿಂದಿನ ಶೆಡ್ಡಿನಲ್ಲಿ ಬೀಗ ಹಾಕಿಟ್ಟಿರುವ ನಲವತ್ತು ಬೀಟೆ ಹಲಗೆಗಳಲ್ಲಿ ಬೀಟೆ ಇಲ್ಲ. ಸಾಗುವಾನಿ ಇಲ್ಲ, ಹಲಸಿಲ್ಲ, ಹೊನ್ನೆಯೂ ಇಲ್ಲ. ಅದು ಕಾಫಿ ಹೊಟ್ಟು. ಕಾಫಿ ಹದಗೊಳಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜದ ಮೇಲಿನ ಪಾರ್ಚ್‌ಮೆಂಟ್ ಸಿಪ್ಪೆ ಉದುರಿ ಗುಡ್ಡ ಬೀಳುತ್ತದಲ್ಲ, ಅದೇ. ಹದಿನೇಳು ದಿನಗಳಲ್ಲಿ ಮೂರು ಅರ್ಜಿ ಬರೆದು ಇದನ್ನು ವಿನಯದಿಂದ ಬಿನ್ನವಿಸಿದ್ದೇನೆ. ವಿನಯದ ಪಾತ್ರ ನನಗೆ ಎಂದೂ ಒಗ್ಗಿದ್ದಲ್ಲ. ಆದ್ದರಿಂದ ಈಗ ರಂಗದ ಮುಂಭಾಗಕ್ಕೆ ಬಂದು, ಕಡೆಯ ಸಾಲಿಗೂ ಕೇಳುವಂತೆ ಹೇಳುತ್ತಿದ್ದೇನೆ.

ನಾನು ನಾಟಕ ಕಂಪನಿಯ ಪರದೆಗಳ ಹಿಂದೆ ಹುಟ್ಟಿ, ಪರದೆಗಳಿಗೇ ಬಣ್ಣ ಬಳಿಯುತ್ತ ಮುದುಕನಾದವನು. ಗೋಣಿತಾಟಿನಲ್ಲಿ ಅರಮನೆ ಎಬ್ಬಿಸಿದ್ದೇನೆ. ವಸ್ತಾರೆಯಲ್ಲಿ ಒಮ್ಮೆ ನನ್ನ ಕಾಡಿನ ಪರದೆ ಬಿಚ್ಚಿಕೊಂಡಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ರಕ್ತ ಹೀರುವ ಇಂಬಳ ಹತ್ತಿತೇನೋ ಎಂದು ಕಾಲು ನೋಡಿಕೊಂಡರು. ಕಂಪನಿ ಮುಚ್ಚಿದ ಮೇಲೆ ಕುಂಚಕ್ಕೆ ಕೆಲಸವಿಲ್ಲದೆ ಕೂತಿದ್ದವನನ್ನು ಕರೆದವರು ತಿಮ್ಮಮ್ಮ.

ತಿಮ್ಮಮ್ಮನವರು ಮೂಡಿಗೆರೆ ಪಕ್ಕದ ಸಣ್ಣ ಬೆಳೆಗಾರರು. ಇನ್ನು ಮೂವರು ಹೆಂಗಸರನ್ನು ಕೂಡಿಸಿಕೊಂಡು ಹೊಟ್ಟನ್ನು ಒಣಗಿಸಿ ಪುಡಿ ಮಾಡುತ್ತಾರೆ. ನರ್ಸರಿಯಲ್ಲಿ ಸಸಿ ಕಿತ್ತ ಮೇಲೆ ಬಿಸಾಡುವ ಕಪ್ಪು ಪ್ಲಾಸ್ಟಿಕ್ ಚೀಲಗಳನ್ನು ತೊಳೆದು, ಕರಗಿಸಿ, ಪುಡಿಯೊಂದಿಗೆ ಕಲಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಹಲಗೆ ಸಿದ್ಧ. ಮೊಳೆ ಹಿಡಿಯುತ್ತದೆ, ಗರಗಸಕ್ಕೆ ಬಗ್ಗುತ್ತದೆ. ಆರು ತಿಂಗಳು ಹುತ್ತದ ಪಕ್ಕ ಇಟ್ಟರೂ ಗೆದ್ದಲು ಮುಟ್ಟಲಿಲ್ಲ. “ಒರಲೆ ಮೂಸಿ ನೋಡಿ ವಾಪಸ್ ಹೋಯ್ತು ಮಾರಾಯ್ರೆ, ನಮ್ಮನೆ ಕಾಫಿ ಅದ್ಕೆ ಹಿಡಿಸ್ಲಿಲ್ಲ ಕಾಣತ್ತೆ” ಎಂದರು ತಿಮ್ಮಮ್ಮ.

ಕಳಸದ ಕಡೆಯ ಒಂದು ಸರ್ಕಾರಿ ಶಾಲೆಯ ಸತ್ಯವತಿ ಟೀಚರು ಬೆಂಚುಗಳಿಗೆ ನಲವತ್ತು ಹಲಗೆ ಬೇಕೆಂದರು. ಅದು ಮೊಟ್ಟಮೊದಲ ಆರ್ಡರ್. ಪ್ರೆಸ್ ಯಂತ್ರವನ್ನು ಅದರ ತಯಾರಕರು ಪರೀಕ್ಷೆಗೆಂದು ಕೊಟ್ಟದ್ದು. ಆರ್ಡರ್ ಮುಟ್ಟಿತೆಂದು ಶಾಲೆಯವರು ಬರೆದುಕೊಟ್ಟ ಪತ್ರವನ್ನು ಈ ತಿಂಗಳ ಕೊನೆಯೊಳಗೆ ಅವರಿಗೆ ತೋರಿಸದಿದ್ದರೆ ಯಂತ್ರ ವಾಪಸ್ ಹೋಗುತ್ತದೆ. ಯಂತ್ರ ಹೋದರೆ ಆ ನಾಲ್ವರ ಕೆಲಸವೂ ಹೋಯಿತು. ತಿಂಗಳು ಮುಗಿಯಲು ಇನ್ನು ಆರು ದಿನ.

ಈಗ ನನ್ನ ಅಪರಾಧ. “ಗುರುವಯ್ನೋರೇ, ಒಂದ್ ಕೈ ವಾರ್ನಿಷ್ ಹೊಡೀರಿ ಸಾಕು. ಹೊಟ್ಟು ಕಾಣ್ಬೇಕು. ಮಕ್ಳು ಇದೆಂಥದು ಅಂತ ಕೇಳ್ಬೇಕು” ಎಂದು ಹೇಳಿ ತಿಮ್ಮಮ್ಮ ಎರಡು ದಿನ ನೆಂಟರ ಮದುವೆಗೆ ಹೋದರು. ಬೋಳು ಹಲಗೆಯನ್ನು ಕಂಡು ಸುಮ್ಮನಿರಲು ನಾನೇನು ಸನ್ಯಾಸಿಯೇ? ನಲವತ್ತಕ್ಕೂ ಬೀಟೆಯ ವೇಷ ಹಾಕಿದೆ. ಕಪ್ಪು ಗೆರೆ, ನೇರಳೆ ನೆರಳು, ಅಂಚನ್ನೂ ಬಿಡಲಿಲ್ಲ. ಒಂದೊಂದರಲ್ಲೂ ಕೊಂಬೆ ಮುರಿದ ಗಂಟು, ಒಂದರಂತೆ ಇನ್ನೊಂದಿಲ್ಲ.

ತಿಮ್ಮಮ್ಮ ಮರಳುವ ಮೊದಲೇ ಹಲಗೆ ಹೇರಿಕೊಂಡು ನಾನು ಶಾಲೆಗೆ ಹೊರಟಿದ್ದ ಪಿಕಪ್ಪನ್ನು ನಿಮ್ಮ ಗಾರ್ಡ್ ತಡೆದರು. ಟಾರ್ಪಲ್ ಎತ್ತಿ ಕೇಳಿದರು: “ಎಲ್ಲಿ ಕಡ್ದಿದ್ದು?”

“ಕಡ್ದಿಲ್ಲ ಸಾರ್, ಒತ್ತಿದ್ದು.”

“ಯಾವ ತೋಟದ್ದು?”

“ಎಲ್ಲಾ ತೋಟದ್ದೂ ಸ್ವಲ್ಪ ಸ್ವಲ್ಪ.”

ಸತ್ಯವನ್ನೇ ನುಡಿದೆ, ಮಾನ್ಯರೇ. ಸತ್ಯ ಇಷ್ಟು ಕಳ್ಳನ ಮುಖ ಹೊತ್ತದ್ದನ್ನು ನಾನು ಯಾವ ನಾಟಕದಲ್ಲೂ ಕಂಡಿಲ್ಲ. ಅವರು ಗಂಟಿನ ಮೇಲೆ ಹೆಬ್ಬೆರಳಾಡಿಸಿ, “ಕೊಂಬೆ ಮುರ್ದ ಜಾಗ ಇದು. ಇಪ್ಪತ್ತು ವರ್ಷ ಕಾಡಲ್ಲಿದೀನಿ, ನಂಗೆ ಕಲಿಸ್ಬೇಡಿ” ಎಂದರು. ನಲವತ್ತು ವರ್ಷಗಳಿಂದ ಇಂಥ ಒಬ್ಬ ಪ್ರೇಕ್ಷಕನಿಗಾಗಿ ಕಾದವನು ನಾನು. ಕಣ್ಣು ತುಂಬಿ ಕೈಮುಗಿದೆ. ‘ಆರೋಪಿಯು ಕೈಮುಗಿದು ತಪ್ಪೊಪ್ಪಿಕೊಂಡನು’ ಎಂದು ಮಹಜರಿನಲ್ಲಿ ಬಂತು. ಅದರ ಕೆಳಗೆ, ‘ಅಂದಾಜು ಎಂಬತ್ತು ವರ್ಷ ಬಲಿತ ಬೀಟೆ.’ ಪ್ರೆಸ್ಸಿನಿಂದ ಇಳಿದು ಒಂಬತ್ತು ದಿನವಾದ ಕೂಸಿಗೆ ಎಂಬತ್ತು ವರ್ಷ! ಬದುಕಿನಲ್ಲಿ ನನಗೆ ಸಿಕ್ಕ ಒಂದೇ ಒಂದು ಲಿಖಿತ ಪ್ರಶಸ್ತಿ ಅದು, ಸರ್ಕಾರಿ ಮೊಹರಿನ ಸಮೇತ.

ಮರುದಿನವೇ ಬಣ್ಣ ಕೆರೆದು ತೋರಿಸಲು ಚಾಕು ಹಿಡಿದು ಬಂದೆ. ‘ಜಪ್ತಿ ಮಾಲು ಕೆರೆಯುವಂತಿಲ್ಲ’ ಎಂದಿರಿ. ತಜ್ಞರು ಬರುತ್ತಾರೆ, ಯಾವಾಗ ಎಂಬುದು ತಜ್ಞರಿಗೇ ತಿಳಿದಿಲ್ಲ. ಅಲ್ಲಿಯವರೆಗೆ ಕಡಿದ ಮರದ ಬುಡ ತೋರಿಸಬೇಕಂತೆ. ಎಲ್ಲಿಂದ ತರಲಿ? ಕಾಫಿ ಗಿಡದ ಬುಡ ತೋರಿಸಿದರೆ ಸಾಲದೇ? ಅದು ಇನ್ನೂ ನಿಂತೇ ಇದೆ, ಈ ಸಲವೂ ಹೂ ಬಿಟ್ಟಿತ್ತು. ಇದೇ ಹೊಟ್ಟು ರಸ್ತೆ ಬದಿಯಲ್ಲಿ ಕೊಳೆತಾಗ, ಹಳ್ಳಕ್ಕೆ ಇಳಿದಾಗ, ಬೆಂಕಿಯಲ್ಲಿ ಹೊಗೆಯಾದಾಗ ಯಾವ ಠಾಣೆಯೂ ಪರ್ಮಿಟ್ ಕೇಳಲಿಲ್ಲ. ಅದು ಮಕ್ಕಳು ಕೂರುವ ಬೆಂಚಾಗಲು ಹೊರಟ ದಿನವೇ ನಿಮ್ಮ ಕಣ್ಣಿಗೆ ಬೀಳಬೇಕಿತ್ತೇ? ಒಂದು ಮರವನ್ನೂ ಕಡಿಯದೆ ಹಲಗೆ ಮಾಡಿದವರನ್ನು ಮರಗಳ್ಳರ ಪಟ್ಟಿಗೆ ಸೇರಿಸಿದರೆ, ಮರ ಕಡಿಯುವವರಿಗೆ ಯಾವ ಬಿರುದು ಇಟ್ಟಿದ್ದೀರಿ?

ತಿಮ್ಮಮ್ಮನವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. “ಅವ್ರು ಕಂಡಿದ್ದನ್ನ ಬರ್ಕೊಂಡ್ರು. ನಾಲ್ಕು ಹೆಂಗಸ್ರ ಎರಡ್ ತಿಂಗ್ಳ ಬೆವರು ನಿಮ್ಮೊಂದು ಚಪ್ಪಾಳೆಗೋಸ್ಕರ ಶೆಡ್ಡಲ್ಲಿ ಬಿದ್ದಿದೆ” ಎಂದರು.

ಆದ್ದರಿಂದ ನನ್ನ ಬೇಡಿಕೆ ಒಂದೇ. ನಾಳೆ ಬೆಳಿಗ್ಗೆ ಹತ್ತಕ್ಕೆ ಶೆಡ್ಡಿನ ಬೀಗ ತೆಗೆಸಿ, ನಿಮಗೆ ಇಷ್ಟವಾದ ಒಂದು ಹಲಗೆಯನ್ನು ಆರಿಸಿ, ನಿಮ್ಮೆದುರೇ ಕೊಯ್ಯಲು ಲಿಖಿತ ಅಪ್ಪಣೆ ಕೊಡಿ. ಗರಗಸ ತಿಮ್ಮಮ್ಮ ತರುತ್ತಾರೆ. ಒಳಗೆ ಮರ ಕಂಡರೆ ನನ್ನನ್ನು ಒಳಗೆ ಹಾಕಿ. ಹೊಟ್ಟು ಕಂಡರೆ ಮಿಕ್ಕ ಮೂವತ್ತೊಂಬತ್ತನ್ನು ಅಂದೇ ಕಳಸದ ದಾರಿಗೆ ಬಿಡಿ. ಒಂದು ಹಲಗೆ ಕಡಿಮೆಯಾದರೂ ಪತ್ರ ಕೊಡುತ್ತೇನೆಂದು ಸತ್ಯವತಿ ಟೀಚರು ಒಪ್ಪಿದ್ದಾರೆ. ಆದರೆ ಬಣ್ಣದ ಹಲಗೆ ಬೆಂಚಾಗಕೂಡದೆಂದು ತಿಮ್ಮಮ್ಮ ಶರತ್ತು ಹಾಕಿದ್ದಾರೆ. ಉಪ್ಪು ಕಾಗದ ಕೊಂಡು ತಂದಿದ್ದೇನೆ. ಶಾಲೆಯ ಅಂಗಳದಲ್ಲಿ ಕೂತು ಮೂವತ್ತೊಂಬತ್ತನ್ನೂ ನನ್ನ ಕೈಯಾರೆ ಉಜ್ಜುತ್ತೇನೆ, ಒಂದು ಗಂಟನ್ನೂ ಉಳಿಸದೆ.

ಇಂತಿ, ತಾನೇ ಬೆಳೆಸಿದ ಕಾಡನ್ನು ತಾನೇ ಕಡಿಯಲು ನಿಮ್ಮ ಪರವಾನಗಿಗೆ ಕಾದಿರುವ,
ಗುರುವಯ್ಯ,
ಪರದೆ ಬಣ್ಣಗಾರ, ಮೂಡಿಗೆರೆ