ಅಜ್ಜಿಯ ರೂಪಾಯಿ ಗ್ರೇಡಿಂಗ್‌ಗೆ ಹೋಗುವ ಮುನ್ನ

ರಘು,

ಹನ್ನೊಂದಕ್ಕೆ ಲಕ್ಷ್ಮೀ ನಗರದ ನಾಣ್ಯದಂಗಡಿ ಭಯ್ಯಾ ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸು. ಅವನು ತರುವ ಗ್ರೇಡಿಂಗ್ ಫಾರಂಗೆ ಸಹಿ ಹಾಕಬೇಡ.

ಅಜ್ಜಿಯ ಬೆಳ್ಳಿ ರೂಪಾಯಿಯನ್ನು ತಜ್ಞರು ನೋಡಿ ದರ್ಜೆ ಕೊಟ್ಟರೆ ನನಗೇನೂ ಬೇಜಾರಿಲ್ಲ. ಆದರೆ ಗ್ರೇಡಿಂಗ್‌ಗೆ ಇವನ ಕೈಯಲ್ಲಿ ಕಳಿಸುವುದು ಬೇಡ. ನೀನು ತೋರಿಸಿದ್ದನ್ನು ನೋಡಿ 'ನೂರು ವರ್ಷ ಹಳೇದು, ಇಂಥದ್ದು ನಾನು ನೋಡೇ ಇಲ್ಲ' ಅಂದನಂತೆ. ನೀನೂ ತಲೆಯಾಡಿಸಿಕೊಂಡು ಬಂದೆ.

ಸಾರು ಕುಕ್ಕರಿನಲ್ಲಿದೆ, ಬಿಸಿ ಮಾಡಿಕೊಂಡು ತಿನ್ನು.

ಶನಿವಾರ ನೀನು ಅವನಿಗೆ ತೋರಿಸಿದ್ದು ಹೋದ ದೀಪಾವಳಿಯ ಧನ್‌ತೇರಸ್‌ಗೆ ನಾನು ಕೊಂಡ ಹೊಸ ನಾಣ್ಯ. ಹಳೇ ರಾಜನ ಮುಖ ಅದರ ಮೇಲೂ ಅಚ್ಚು ಹಾಕಿರುತ್ತಾರೆ. ಕಂಡಕಂಡವರಿಗೆಲ್ಲ ತೋರಿಸುತ್ತೀಯ ಅಂತ ಅಜ್ಜಿಯ ರೂಪಾಯಿ ತೆಗೆದು ಅದರ ಡಬ್ಬಿಯಲ್ಲಿ ಇದನ್ನಿಟ್ಟವಳು ನಾನೇ.

ಅಜ್ಜಿಯದು ಎಲ್ಲಿದೆ ಅಂತ ಸದ್ಯಕ್ಕೆ ನಿನಗೂ ಹೇಳುವುದಿಲ್ಲ.

ಅಕ್ಕ