ಹೇಳದೆ ಹೇಳುವ ಆಟ

ಆಳಂದ
೧೪-೩-೧೯೮೮

ಸುಲಭಾ, ನನ್ನ ಮಗಳೇ,

ನಾಗಪುರದಲ್ಲಿ ಈಗಾಗಲೇ ಬಿಸಿಲು ಏರಿರಬೇಕು. ಹಿಂದಿನ ಕಾಗದದಲ್ಲಿ ಬರೆದಿದ್ದ ನಿನ್ನ ಕೆಮ್ಮು ಕಡಿಮೆಯಾಯಿತೇ? ರಾತ್ರಿ ಮೊಸರು ಉಣ್ಣುವುದನ್ನು ಬಿಟ್ಟೆಯೋ ಇಲ್ಲವೋ? ಅಳಿಯಂದಿರ ಬೆನ್ನುನೋವು ಹೇಗಿದೆ? ಮಕ್ಕಳಿಬ್ಬರೂ ಪರೀಕ್ಷೆಗೆ ಓದುತ್ತಿರಬೇಕು. ಚಿಕ್ಕವನನ್ನು ಬಹಳ ಬೈಯಬೇಡ, ಅವನು ನನ್ನ ಹಾಗೆ, ಬೈದರೆ ಗೊತ್ತಿದ್ದದ್ದೂ ಮರೆಯುತ್ತಾನೆ. ಇಲ್ಲಿಯ ಸುದ್ದಿ ಬರೆಯಬೇಕೆಂದು ಕೂತು, ಬರೆದದ್ದನ್ನು ಹರಿದು, ಮತ್ತೆ ಕೂತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಅವ್ವ ಮನೆಯಲ್ಲಿದ್ದಾಳೆ, ಈಗ ನನ್ನ ಎದುರಿಗೇ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಾಳೆ. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದು.

ನಿನ್ನ ಅಣ್ಣ ಗುರುರಾಜನ ಮಗನ ಮುಂಜಿಗೆ ನೀನು ಬರಲಾಗಲಿಲ್ಲ. ಮುಂಜಿಯ ಹಿಂದಿನ ದಿನವೇ ಮನೆ ತುಂಬಿತ್ತು. ಅಫಜಲಪುರದ ಬೀಗರು, ಜೇವರ್ಗಿಯ ನಿನ್ನ ಚಿಕ್ಕಪ್ಪನ ಮನೆಯವರು, ಓಣಿಯ ಜನ, ಎಲ್ಲರೂ ಇದ್ದರು. ಮಧ್ಯಾಹ್ನ ಹೋಳಿಗೆ ಊಟವಾದ ಮೇಲೆ ಯಾರಿಗೂ ಏಳಲು ಮನಸ್ಸಿರಲಿಲ್ಲ. ಆಗ ಗುರುರಾಜ ತನ್ನ ಆಫೀಸಿನವರಿಂದ ಕಲಿತು ಬಂದ ಒಂದು ಆಟ ಹಚ್ಚಿದ. ಪಡಸಾಲೆಯಲ್ಲಿ ಗಂಡಸರದೊಂದು ಪಾರ್ಟಿ, ಹೆಂಗಸರದೊಂದು ಪಾರ್ಟಿ. ಎದುರು ಪಾರ್ಟಿಯವರು ಬಂದು ಕಿವಿಯಲ್ಲಿ ಒಂದು ಶಬ್ದ ಹೇಳುತ್ತಾರೆ. ಆ ಶಬ್ದವನ್ನು ಮಾತ್ರ ಬಾಯಿಂದ ತೆಗೆಯದೆ, ಅದರ ಸುತ್ತಮುತ್ತ ಏನಾದರೂ ಮಾತಾಡಿ, ನಮ್ಮ ಕಡೆಯವರಿಂದ ಅದನ್ನು ಹೇಳಿಸಬೇಕು. ಗುರುರಾಜ ಹಿತ್ತಾಳೆಯ ತಾಟು ಬಾರಿಸಿದನೆಂದರೆ ಹೊತ್ತು ಮುಗಿಯಿತು.

ನಿನ್ನ ಅವ್ವನ ನಾಲಿಗೆ ನಿನಗೆ ಗೊತ್ತಲ್ಲ. ಮೊದಲ ಸಲ ಅವಳಿಗೆ ಬಂದದ್ದು ‘ತಹಸೀಲದಾರ’. ಎದ್ದು ನಿಂತು, ಸೆರಗು ಬಿಗಿದು, ನನ್ನ ಕಡೆ ಬೆರಳು ಮಾಡಿ, “ಈ ಶಿರಸ್ತೇದಾರರು ರಿಟೈರ್ ಆಗೂತನಾ ಯಾರ ಮುಂದ ಕೆಮ್ಮಲಿಲ್ಲ ಹೇಳ್ರಿ?” ಎಂದಳು. ತಾಟು ಮುಟ್ಟುವುದರೊಳಗೆ ಹೆಂಗಸರೆಲ್ಲ ಕೂಗಿಬಿಟ್ಟರು. ಬೀಗರ ಎದುರಿಗೆ ನನ್ನ ಮಾನ ಹೋಯಿತು, ಆದರೆ ನಾನೂ ಹೊಟ್ಟೆ ಹಿಡಿದು ನಕ್ಕೆ.

ಎರಡನೆಯ ಸಲ ಅವಳ ಪಾಳಿ ಬಂದಾಗ ಶಬ್ದ ಕೊಡಲು ನಾನೇ ಎದ್ದು ಹೋದೆ. ‘ಹಪ್ಪಳ’ ಎಂದು ಕಿವಿಯಲ್ಲಿ ಹೇಳಿದೆ. ಸಣ್ಣ ಮಕ್ಕಳಿಗೆ ಕೊಡುವಂಥ ಶಬ್ದ. ಅವಳು ನಕ್ಕು ತಲೆಯಾಡಿಸಿದಳು. ತನ್ನವರ ಕಡೆ ತಿರುಗಿ, “ಬಿಸಿಲಾಗ... ಬಿಸಿಲಾಗ ಬಾಗಿಲಾ ಹೊದಿಸ್ತಾರ,” ಎಂದಳು. “ಚಾದರ!” ಎಂದು ಯಾರೋ ಕೂಗಿದರು. ಅಲ್ಲ ಎಂದು ಕೈ ಮಾಡಿ, “ಮಂಗಳವಾರ ಕರೀತಾರಲ್ಲಾ, ಕುದುರಿ ಹಾಕಿ,” ಎಂದಳು. “ಟಾಂಗಾ! ಸಂತಿ! ಜಟಕಾ!” ಎಂದು ಹೆಂಗಸರು ಒಬ್ಬರ ಮೇಲೊಬ್ಬರು ಒದರಿದರು. ಇದೇನು ಹೊಸ ಯುಕ್ತಿ ತೆಗೆದಳಪ್ಪಾ ಎಂದು ಗಂಡಸರು ಬಿದ್ದು ಬಿದ್ದು ನಕ್ಕರು. ನನಗೆ ಶಬ್ದ ಗೊತ್ತಿತ್ತು. ಕಿವಿಗೆ ಸರಿಯಾಗಿ ಬೀಳಲಿಲ್ಲವೇನೋ ಎಂದುಕೊಂಡೆ. ಅವಳು ಮತ್ತೆ ಬಾಯಿ ತೆರೆದಳು, ಈ ಸಲ ಬಂದದ್ದು ಶಬ್ದವೇ ಅಲ್ಲ. ನಗೆ ಇನ್ನೂ ಜೋರಾಯಿತು. ಅವಳು ನನ್ನ ಕಡೆ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಕಣ್ಣಿನಲ್ಲಿ ಸಿಟ್ಟು ನೋಡಿದ್ದೇನೆ, ಅಳು ನೋಡಿದ್ದೇನೆ. ಅಂಥ ಅಂಜಿಕೆಯನ್ನು ಎಂದೂ ನೋಡಿರಲಿಲ್ಲ.

ಎಲ್ಲರಿಗಿಂತ ಮೊದಲು ಎದ್ದವರು ಪಕ್ಕದ ಮನೆಯ ಮೆಹರಾಜಬೇಗಂ. ಅವರು ನಿನ್ನ ಅವ್ವನ ಮಗ್ಗುಲಲ್ಲೇ ಕೂತಿದ್ದರು. “ನಗೂದು ಬಂದ್ ಮಾಡ್ರಿ ಎಲ್ಲಾರೂ! ಭಾಯಿಸಾಬ, ಇದು ಆಟ ಅಲ್ರಿ, ಆಪಾನ ಬಾಯಿ ನೋಡ್ರಿ, ಒಂದು ಕಡಿ ಜಗ್ಗೇದ!” ಎಂದು ಅವಳ ಕಡೆ ಕೈ ಮಾಡಿ ಚೀರಿದರು. ಅಷ್ಟರಲ್ಲಿ ಅವಳ ಬಲಗೈಯಿಂದ ಸೆರಗು ಜಾರಿತು, ಅದನ್ನು ಹಿಡಿಯಲು ಹೋದ ಕೈ ಏಳಲಿಲ್ಲ. ಮೆಹರಾಜಬೇಗಂ ತೆಕ್ಕೆಯಲ್ಲಿ ಹಿಡಿಯದಿದ್ದರೆ ಅಲ್ಲೇ ಬೀಳುತ್ತಿದ್ದಳು. ಹಿಂದಿನ ಸಾಲಿನವರು ಇನ್ನೂ “ಹಾಸಿಗಿ! ಹೊದಿಕಿ!” ಎಂದು ಊಹಿಸುತ್ತಲೇ ಇದ್ದರು. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ, ಮಗಳೇ.

ಬೀಗರನ್ನು ಕರೆತಂದ ಜೀಪು ಬಾಗಿಲಲ್ಲೇ ಇದ್ದದ್ದು ನಮ್ಮ ಪುಣ್ಯ. ಗುರುರಾಜ ಮುಂದೆ ಕೂತ, ಹಿಂದೆ ನನ್ನ ತೊಡೆಯ ಮೇಲೆ ಅವಳ ತಲೆ. ಗುಲಬರ್ಗಾ ಮುಟ್ಟುವವರೆಗೆ ನಾನು ಏನು ಮಾಡಿದೆ ಗೊತ್ತೇ? “ಲೀಲಾ, ಹಪ್ಪಳ ಅನ್ನು. ಹಪ್ಪಳ. ಒಮ್ಮೆ ಅನ್ನು, ಸಾಕು,” ಎಂದು ಅವಳ ಕಿವಿಯಲ್ಲಿ ಹೇಳುತ್ತಲೇ ಹೋದೆ. ಆಡಬಾರದೆಂದು ನಾನೇ ಕೊಟ್ಟ ಶಬ್ದವನ್ನು ಆಡೆಂದು ನಾನೇ ಬಿಟ್ಟುಕೊಟ್ಟರೆ ಉಳಿದ ಮಾತೆಲ್ಲ ಅದರ ಹಿಂದೆ ಬಂದೀತು ಎಂದು ಆ ಹೊತ್ತಿನಲ್ಲಿ ಅನಿಸಿತ್ತು. ಕಡೆಗೆ ಗುರುರಾಜ ಹಿಂದೆ ತಿರುಗಿ, “ಅಪ್ಪಾ, ಸಾಕು ಬಿಡ್ರಿ,” ಎಂದ. ಅವನೂ ಅಳುತ್ತಿದ್ದ.

ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ದವಾಖಾನೆಯಲ್ಲಿ. ಟಪಾಲು ಆಫೀಸಿಗೆ ಹೋಗಿ ನಿನಗೆ ತಾರು ಕೊಡುತ್ತೇನೆಂದು ಗುರುರಾಜ ಹಟ ಹಿಡಿದಿದ್ದ, ತಾರು ನೋಡಿದರೆ ನಿನ್ನ ಎದೆ ಒಡೆದೀತೆಂದು ನಾನೇ ತಡೆದೆ. ಮುಂಜಿಯನ್ನು ಬೀಗರು ರಾಯರ ಮಠದಲ್ಲಿ ವಾದ್ಯವಿಲ್ಲದೆ ಮುಗಿಸಿದರು. ಹದಿನೈದು ದಿನದ ಮೇಲೆ ನಿನ್ನ ಅವ್ವನನ್ನು ಮನೆಗೆ ಕರೆತಂದೆವು. ಹಿಡಿದುಕೊಂಡರೆ ನಡೆಯುತ್ತಾಳೆ, ಎಡಗೈಯಿಂದ ಉಣ್ಣುತ್ತಾಳೆ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ತನ್ನದನ್ನು ಹೇಳಲು ಮಾತೇ ಇಲ್ಲ. ಬರಬಹುದು, ಬರದೆಯೂ ಇರಬಹುದು, ಇನ್ನೊಮ್ಮೆ ಹೀಗಾಗದಂತೆ ಜೋಪಾನ ಮಾಡಿರಿ ಎಂದಿದ್ದಾರೆ ಡಾಕ್ಟರು. ಜೋಪಾನ ಹೇಗೆ ಮಾಡುವುದೋ ನನಗೆ ಗೊತ್ತಿಲ್ಲ. ಅವಳು ಆಕಳಿಸಿದರೂ ಎದ್ದು ಹೋಗಿ ಬಾಯಿ ಓರೆಯಾಯಿತೇ ಎಂದು ನೋಡುತ್ತೇನೆ.

ನಿನ್ನೆ ಬೆಳಿಗ್ಗೆ ನನ್ನ ಧೋತರ ಜಗ್ಗಿ ಮೇಲಕ್ಕೆ ಕೈ ತೋರಿಸಿದಳು. ಫ್ಯಾನು ಹಚ್ಚಿದೆ, ಅಲ್ಲ. ಗೋಡೆಯ ನಾಗೊಂದಿಗೆ ಹಲಗೆಯ ಮೇಲಿನ ಡಬ್ಬಿ ಇಳಿಸಿದೆ, ಅಲ್ಲ. ಕೊಡೆಯೇ, ಹಲ್ಲಿಯೇ, ದೇವರೇ ಎಂದು ಕೇಳಿದೆ. ಸೊಸೆ ಬಂದಳು, ಮೆಹರಾಜಬೇಗಂ ಬಂದರು, ಎಲ್ಲರೂ ಮಂಚದ ಸುತ್ತ ನಿಂತು ಒಂದೊಂದು ಹೆಸರು ಹೇಳಿದೆವು. ಅವಳು ಎಡಗೈಯಿಂದ ಹಣೆ ಬಡಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಏನು ಬೇಕಿತ್ತೋ, ಈ ತನಕ ಗೊತ್ತಾಗಿಲ್ಲ.

ಆದರೂ ನೀನು ಗಾಬರಿಯಾಗಿ ಓಡಿ ಬರುವ ಕಾರಣವಿಲ್ಲ. ಮಕ್ಕಳ ಪರೀಕ್ಷೆ ಮುಗಿಯಲಿ, ಸೂಟಿಯಲ್ಲಿ ಬಂದರಾಯಿತು. ಸೊಸೆ ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ. ಮೆಹರಾಜಬೇಗಂ ದಿನಾ ಸಂಜೆ ಬಂದು ತಲೆ ಬಾಚಿ ಹೋಗುತ್ತಾರೆ. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳ ತಲೆಯ ಮೇಲೆ ಅಜ್ಜ ಕೈ ಇಟ್ಟಿದ್ದಾನೆಂದು ಹೇಳು. ನಿನ್ನನ್ನು ರಾಯರು ಕಾಯಲಿ.

ನಿನ್ನ ಅಪ್ಪ,
ವ್ಯಂಕಟೇಶ

ತಾ.ಕ.: ಗುರುರಾಜ ಚಪ್ಪಲಿ ಮೆಟ್ಟಿ ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮಾತೇ ಇಲ್ಲ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಒಂದು ಶಬ್ದ ಉಳಿದಿದೆ. ದವಾಖಾನೆಯಲ್ಲಿ ಮೈಸೂರು ಕಡೆಯ ಹುಡುಗ ಡಾಕ್ಟರು ಚಮಚ ತೋರಿಸಿ ಇದೇನಮ್ಮಾ ಎಂದರೆ “ಸುಲಭಾ” ಎಂದಳು. ಪೆನ್ನು ತೋರಿಸಿದರೂ ಸುಲಭಾ, ನೀರು ತೋರಿಸಿದರೂ ಸುಲಭಾ. “ಸುಲಭಾನಾ? ಹಾಗಾದ್ರೆ ಹೇಳೀಮ್ಮಾ,” ಎಂದು ಅವರು ನಕ್ಕರು, ಅದು ಮಗಳ ಹೆಸರು ಎಂದು ನಾನು ಹೇಳಬೇಕಾಯಿತು. ನನ್ನನ್ನೂ ಹಾಗೆಯೇ ಕರೆಯುತ್ತಾಳೆ. ಇವತ್ತು ಬೆಳಿಗ್ಗೆ ನಿನ್ನ ಮದುವೆಯ ಫೋಟೋ ತಂದು, ನಿನ್ನ ಮುಖದ ಮೇಲೆ ಬೆರಳಿಟ್ಟು, ಇವಳು ಯಾರು ಎಂದು ಕೇಳಿದೆ. ಬಹಳ ಹೊತ್ತು ನೋಡಿದಳು. ತುಟಿಗಳು ಅಲುಗಿದವು, ಏನೂ ಬರಲಿಲ್ಲ. ನೀವೇ ಹೇಳ್ರಿ ಎನ್ನುವಂತೆ ನನ್ನ ಮುಖ ನೋಡಿದಳು, ನನ್ನ ಬಾಯಿಂದಲೂ ಬರಲಿಲ್ಲ. ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ. ಕಾಗದ ಮುಟ್ಟಿದ ದಿನವೇ ಹೊರಡು.